ಟೈರ್ ಕಲ್ಲಿನ ಹಾಗೆ ಇರಬೇಕಾ? ನಾನು ಕೊಟ್ಟ ಒಂದು ತಪ್ಪು ಸಲಹೆ, ಮತ್ತು ಸರಿಯಾದ ಗಾಳಿಯ ಲೆಕ್ಕ

(ಪಾಡ್‌ಕಾಸ್ಟ್‌ನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಸೈಕಲ್ ಮೇಲೆ ಇದ್ದರೆ ದಯವಿಟ್ಟು ಒಂದು ಕಿವಿಯದ್ದು ತೆಗೀರಿ, ಇಲ್ಲಾಂದ್ರೆ ಮನೆ ತಲುಪಿದ ಮೇಲೆ ಕೇಳಿ. ಇವತ್ತಿನ ಎಪಿಸೋಡ್ ಎಲ್ಲೂ ಓಡಿಹೋಗಲ್ಲ.

ಇವತ್ತು ಒಂದು ತಿದ್ದುಪಡಿಯಿಂದ ಶುರು ಮಾಡ್ತೀನಿ. ಎರಡು ತಿಂಗಳ ಹಿಂದೆ ಇದೇ ಪಾಡ್‌ಕಾಸ್ಟ್‌ನಲ್ಲಿ ಕೇಳುಗರ ಪ್ರಶ್ನೆಗೆ ಉತ್ತರ ಕೊಡುವಾಗ ನಾನು ಹೇಳಿದ್ದೆ: "ಟೈರ್‌ಗೆ ಗಾಳಿ ಹೊಡೆಸಿದರೆ ಕಲ್ಲಿನ ಹಾಗೆ ಇರಬೇಕು. ಟೈರ್ ಮೇಲೆ ಬರೆದಿರುವ ಮ್ಯಾಕ್ಸಿಮಮ್ ನಂಬರ್‌ವರೆಗೂ ತುಂಬಿಸಿ. ಸ್ಪೀಡೂ ಬರುತ್ತೆ, ಪಂಚರ್ರೂ ಆಗಲ್ಲ." ಬಹಳ ಧೈರ್ಯವಾಗಿ ಹೇಳಿದ್ದೆ. ಅದು ತಪ್ಪು. ಪೂರ್ತಿ ತಪ್ಪಲ್ಲ, ಅರ್ಧ ತಪ್ಪು. ಆದರೆ ಆ ಅರ್ಧ ತಪ್ಪಿನಿಂದ ಒಬ್ಬ ಹುಡುಗನಿಗೆ ಪೆಟ್ಟಾಯ್ತು ಅಂತ ನನ್ನ ಅನುಮಾನ. ಅದಕ್ಕೇ ಈ ಎಪಿಸೋಡ್.

ಪ್ರಶ್ನೆ ಕೇಳಿದ ಹುಡುಗ

ಬಾಗಲಕೋಟೆ ಕಡೆಯವನು, ವಯಸ್ಸು ಇಪ್ಪತ್ತೆರಡು. ಬೆಂಗಳೂರಿನಲ್ಲಿ ನಾಲ್ಕು ಜನ ಗೆಳೆಯರ ಜೊತೆ ಒಂದು ರೂಮು. ಸೈಕಲ್ ಮೇಲೆ ಊಟದ ಡೆಲಿವರಿ ಮಾಡ್ತಾನೆ. ಹೆಸರು ಬೇಡ ಅಂದಿದ್ದಾನೆ. ಅವನ ಮೊದಲ ವಾಯ್ಸ್ ಮೆಸೇಜ್ ಹೀಗಿತ್ತು: "ಅಣ್ಣಾ, ವಾರದಾಗ ಎರಡ ಸಲ ಪಂಚರ್ ಆಗಾಕತ್ತೈತಿ. ದುಡದಿದ್ದೆಲ್ಲ ಪಂಚರ್ ಅಂಗಡ್ಯಾಂವಗ ಕೊಡೂದ ಆಗೇತಿ. ಏನ್ ಮಾಡ್ಲಿ?"

ನಾನು ಬಿ.ಕಾಂ ಓದಿದವನು, ಮೆಕ್ಯಾನಿಕ್ ಅಲ್ಲ. ಹಾಗಾಗಿ ಮೊದಲು ಖರ್ಚಿನ ಲೆಕ್ಕ ಕೇಳಿದೆ. ಅವನು ಹೇಳಿದ್ದು: ಒಂದು ಪಂಚರ್‌ಗೆ 60 ರೂಪಾಯಿ. ಅಂಗಡಿ ಹುಡುಕಿ, ಸೈಕಲ್ ತಳ್ಳಿಕೊಂಡು ಹೋಗಿ, ಕಾಯ್ದು ಬರುವಷ್ಟರಲ್ಲಿ ಒಂದೂವರೆ ಗಂಟೆ. ಅದು ಮಧ್ಯಾಹ್ನದ ಊಟದ ಹೊತ್ತಾದರೆ ಮೂರ್ನಾಲ್ಕು ಆರ್ಡರ್ ಹೋಯ್ತು, ಅಂದರೆ ಸುಮಾರು 200 ರೂಪಾಯಿ. ಒಟ್ಟು 260. ವಾರಕ್ಕೆ ಎರಡು, ತಿಂಗಳಿಗೆ ಎಂಟು. 260 ಇಂಟು 8, ಅಂದರೆ 2,080 ರೂಪಾಯಿ. ಅವನ ಪಾಲಿನ ರೂಮ್ ಬಾಡಿಗೆಯ ದೊಡ್ಡ ಭಾಗ ಪಂಚರ್‌ಗೇ ಹೋಗ್ತಿತ್ತು.

ಅವನಿಗೆ ನಾನು ಆ "ಕಲ್ಲಿನ ಹಾಗೆ" ಸಲಹೆ ಕೊಟ್ಟೆ. ಅವನು ಹಾಗೇ ಮಾಡಿದ. ಎರಡು ವಾರ ಆದ ಮೇಲೆ ಮತ್ತೆ ಮೆಸೇಜ್ ಬಂತು. ಮಳೆ ನಿಂತಿದ್ದ ಸಂಜೆ, ಕಿತ್ತುಹೋಗಿದ್ದ ರಸ್ತೆಯಲ್ಲಿ ತಿರುಗುವಾಗ ಮುಂದಿನ ಚಕ್ರ ಜಾರಿ ಬಿದ್ದಿದ್ದ. ಮಣಿಕಟ್ಟು ಊದಿಕೊಂಡು ನಾಲ್ಕು ದಿನ ಕೆಲಸ ಇಲ್ಲ. "ಗಾಲಿ ಭಾಳ ಪುಟೀತಿತ್ತು ಅಣ್ಣಾ" ಅಂದ. ಬೈಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನ ಆಗ್ತಿತ್ತು.

ಅವನು ಬಿದ್ದದ್ದು ಗಾಳಿ ಜಾಸ್ತಿ ಇದ್ದದ್ದರಿಂದಲೇ ಅಂತ ಪ್ರಮಾಣ ಮಾಡಿ ಹೇಳೋಕಾಗಲ್ಲ. ರಸ್ತೆ ಒದ್ದೆ ಇತ್ತು, ಟೈರ್ ಸವೆದಿತ್ತು. ಆದರೆ "ಪುಟಿಯುತ್ತಿತ್ತು" ಅನ್ನೋ ಮಾತು ನನ್ನ ತಲೆಯಲ್ಲೇ ಕೂತುಬಿಡ್ತು. ಆಗ ಕೂತು ಸರಿಯಾಗಿ ಓದಿದೆ, ಎರಡು ಮೂರು ಒಳ್ಳೆಯ ಮೆಕ್ಯಾನಿಕ್‌ಗಳ ಹತ್ತಿರ ಮಾತಾಡಿದೆ. ಗೊತ್ತಾಗಿದ್ದು ಏನಂದರೆ, ನಾನು ಹೇಳಿದ್ದನ್ನು ದೊಡ್ಡ ದೊಡ್ಡ ರೇಸ್ ಟೀಮುಗಳೂ ದಶಕಗಳ ಕಾಲ ನಂಬಿದ್ದವು. ಆಮೇಲೆ ಕೈಬಿಟ್ಟವು.

ರೇಸಿನವರು ಯಾಕೆ ಮನಸ್ಸು ಬದಲಿಸಿದರು?

ಗಾಳಿ ತುಂಬಿದ ಟೈರ್‌ನ ಕಥೆ ಶುರುವಾಗೋದೇ ಒರಟು ರಸ್ತೆಯಿಂದ. ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅಂತ ಒಬ್ಬ ಪಶುವೈದ್ಯ ಇದ್ದರು. ಅವರ ಮಗನ ಮೂರು ಚಕ್ರದ ಸೈಕಲ್‌ಗೆ ಗಟ್ಟಿ ರಬ್ಬರಿನ ಟೈರ್. ಕಲ್ಲುಹಾಸಿನ ಮೇಲೆ ಒಂದೇ ಸಮ ಕುಲುಕಾಟ. 1887ರಲ್ಲಿ ಅವರು ರಬ್ಬರ್ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಕಟ್ಟಿ ನೋಡಿದರು. 1888ರಲ್ಲಿ ಪೇಟೆಂಟ್. 1889ರಲ್ಲಿ ವಿಲ್ಲಿ ಹ್ಯೂಮ್ ಅನ್ನೋ ಸವಾರ ಬೆಲ್‌ಫಾಸ್ಟ್‌ನ ರೇಸುಗಳಲ್ಲಿ ಇಂಥ ಟೈರ್ ಹಾಕಿಕೊಂಡು ಗೆದ್ದ ಮೇಲೆ ಗಟ್ಟಿ ಟೈರ್‌ಗಳ ಕಾಲ ಮುಗೀತಾ ಬಂತು. ಅಂದರೆ ಟೈರ್ ಒಳಗೆ ಗಾಳಿ ತುಂಬಿದ್ದೇ ಅದು ಮೆತ್ತಗೆ ಇರಲಿ ಅಂತ. ಅದನ್ನ ಮತ್ತೆ ಕಲ್ಲಿನ ಹಾಗೆ ಮಾಡಿದರೆ ಡನ್‌ಲಪ್ ಪಟ್ಟ ಕಷ್ಟ ಯಾಕೆ?

ಆದರೂ ಇಪ್ಪತ್ತನೇ ಶತಮಾನದ ಕೊನೆಯ ಹೊತ್ತಿಗೆ ರೇಸ್ ಸೈಕಲ್‌ಗಳ ಟೈರ್ 23 ಮಿಲಿಮೀಟರ್ ಅಗಲ, ಕೆಲವೊಮ್ಮೆ ಇನ್ನೂ ಕಡಿಮೆ. ಒಳಗಿನ ಗಾಳಿ 110, 120 ಪಿಎಸ್‌ಐ. ಇವತ್ತು ಟೂರ್ ಡಿ ಫ್ರಾನ್ಸ್ ನೋಡಿ. 28, 30 ಮಿಲಿಮೀಟರ್ ಟೈರ್ ಮಾಮೂಲು, ಗಾಳಿ 60ರಿಂದ 75ರ ಆಸುಪಾಸು. ಸೈಕಲ್ ತೂಕದಲ್ಲಿ ಗ್ರಾಂ ಗ್ರಾಂ ಲೆಕ್ಕ ಹಾಕುವ ಜನ ಭಾರದ, ಅಗಲದ ಟೈರ್ ಹಾಕಿಕೊಳ್ತಿದ್ದಾರೆ ಅಂದರೆ ಏನೋ ಕಾರಣ ಇರಬೇಕಲ್ಲ.

ಕಾರಣ ಇದು. ಟೈರ್ ಉರುಳುವಾಗ ನಿಮ್ಮ ಶಕ್ತಿ ಎರಡು ಕಡೆ ಸೋರುತ್ತದೆ.

ಒಂದನೇ ಸೋರಿಕೆ: ನೆಲಕ್ಕೆ ತಾಗುವ ಕಡೆ ಟೈರ್ ಸ್ವಲ್ಪ ಚಪ್ಪಟೆಯಾಗುತ್ತೆ, ಮೇಲೆ ಹೋದ ಕೂಡಲೇ ಮತ್ತೆ ದುಂಡಗಾಗುತ್ತೆ. ಹೀಗೆ ಸುತ್ತು ಸುತ್ತಿಗೂ ಬಗ್ಗಿ ಎದ್ದು ಮಾಡುವಾಗ ರಬ್ಬರ್ ಬಿಸಿಯಾಗುತ್ತೆ. ಆ ಬಿಸಿ ನಿಮ್ಮ ಕಾಲಿನ ಶಕ್ತಿಯೇ. ಗಾಳಿ ಜಾಸ್ತಿ ಇದ್ದರೆ ಟೈರ್ ಬಗ್ಗುವುದು ಕಡಿಮೆ, ಈ ನಷ್ಟವೂ ಕಡಿಮೆ. "ಗಟ್ಟಿ ಟೈರ್ ಅಂದರೆ ಸ್ಪೀಡು" ಅನ್ನೋ ಮಾತು ಬಂದಿದ್ದು ಇಲ್ಲಿಂದ. ಇಷ್ಟರ ಮಟ್ಟಿಗೆ ಅದು ಸರಿ.

ಎರಡನೇ ಸೋರಿಕೆ: ರಸ್ತೆ ಒರಟಾಗಿದ್ದಾಗ ಗಟ್ಟಿ ಟೈರ್ ಕಲ್ಲನ್ನು ನುಂಗಲ್ಲ, ಅದರ ಮೇಲೆ ಹತ್ತಿ ಇಳಿಯುತ್ತೆ. ಪ್ರತಿ ಸಲವೂ ಸೈಕಲ್ಲು, ನೀವು, ನಿಮ್ಮ ಬ್ಯಾಗು ಎಲ್ಲ ಸೇರಿ ಒಂದು ಕೂದಲೆಳೆಯಷ್ಟು ಮೇಲೇಳಬೇಕು. ಆ ನಡುಕ ನಿಮ್ಮ ಕೈ, ಸೊಂಟ, ತೊಡೆಯ ಮಾಂಸದೊಳಗೆ ಹೋಗಿ ಅಲ್ಲೇ ಸತ್ತುಹೋಗುತ್ತೆ. ಮುಂದಕ್ಕೆ ಹೋಗಬೇಕಾದ ಶಕ್ತಿ ಮೈ ಅಲುಗಾಡಿಸೋಕೆ ಖರ್ಚಾಯ್ತು.

ಹಿಂದೆ ಟೈರ್ ಪರೀಕ್ಷೆ ಹೆಚ್ಚಾಗಿ ನಡೀತಿದ್ದದ್ದು ನುಣುಪಾದ ಉಕ್ಕಿನ ಡ್ರಮ್ ಮೇಲೆ. ಅಲ್ಲಿ ಎರಡನೇ ಸೋರಿಕೆ ಕಾಣೋದೇ ಇಲ್ಲ. ಹಾಗಾಗಿ ಗಾಳಿ ಏರಿಸಿದಷ್ಟೂ ಲಾಭ ಅಂತ ಫಲಿತಾಂಶ. ನಿಜವಾದ ರಸ್ತೆಯಲ್ಲಿ ಒಂದು ಮಟ್ಟದವರೆಗೆ ಗಾಳಿ ಏರಿಸಿದರೆ ಲಾಭ, ಅದನ್ನು ದಾಟಿದರೆ ನಷ್ಟ. ಬ್ಯಾಲೆನ್ಸ್ ಶೀಟ್‌ನಲ್ಲಿ ಒಂದೇ ಕಾಲಂ ನೋಡಿ ಲಾಭ ಅಂದುಕೊಂಡ ಹಾಗೆ ಇದು.

ಪ್ಯಾರಿಸ್-ರೂಬೇ ರೇಸ್ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 260 ಕಿಲೋಮೀಟರ್ ರೇಸು, ಅದರಲ್ಲಿ 55 ಕಿಲೋಮೀಟರಿನಷ್ಟು ಹಳೇ ಕಾಲದ ಕಲ್ಲುಹಾಸಿನ ರಸ್ತೆ. ಅಲ್ಲಿ ಸವಾರರು 32 ಮಿಲಿಮೀಟರ್, ಅದಕ್ಕಿಂತ ಅಗಲದ ಟೈರ್ ಹಾಕಿ, ಗಾಳಿಯನ್ನು ಇನ್ನೂ ಇಳಿಸ್ತಾರೆ. 2023, 2024, 2025, ಸಾಲಾಗಿ ಮೂರು ವರ್ಷ ಅದನ್ನು ಗೆದ್ದವರು ನೆದರ್‌ಲ್ಯಾಂಡ್ಸ್‌ನ ಮ್ಯಾಥ್ಯೂ ವಾನ್ ಡರ್ ಪೂಲ್. 2025ರಲ್ಲಿ ಕೊನೆಯ ಹಂತದಲ್ಲಿ ಅವರಿಗೂ ಪಂಚರ್ ಆಯ್ತು. ಅವರ ಹಿಂದೆ ಇನ್ನೊಂದು ಸೈಕಲ್ ಇಟ್ಟುಕೊಂಡು ಕಾರು ಬರುತ್ತೆ, ಬದಲಿಸಿಕೊಂಡು ಗೆದ್ದರು. ನಮ್ಮ ಹಿಂದೆ ಬರೋದು ಹಾರ್ನ್ ಹೊಡೆಯೋ ಬಸ್ಸು ಮಾತ್ರ. ಅದಕ್ಕೇ ನಮಗೆ ಈ ಲೆಕ್ಕ ಇನ್ನೂ ಮುಖ್ಯ.

ಒದ್ದೆ ರಸ್ತೆ

2025ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ನೆನಪಿದೆಯಾ? ಪ್ಯಾರಿಸ್‌ನಲ್ಲಿ ಮಳೆ. ಮಾಂಟ್‌ಮಾರ್ಟ್ರ್ ಗುಡ್ಡದ ಕಲ್ಲುಹಾಸಿನ ಏರಿಯನ್ನು ಮೂರು ಸಲ ಹತ್ತಬೇಕಿತ್ತು. ರಸ್ತೆ ಜಾರುತ್ತೆ ಅಂತ ಆಯೋಜಕರು ಒಟ್ಟಾರೆ ಸಮಯವನ್ನು ಗುರಿಗೆ ಸುಮಾರು 50 ಕಿಲೋಮೀಟರ್ ಮೊದಲೇ ಲೆಕ್ಕಕ್ಕೆ ತಗೊಂಡುಬಿಟ್ಟರು. ಹಳದಿ ಜೆರ್ಸಿಯಲ್ಲಿದ್ದ ತದೇಯ್ ಪೊಗಾಚರ್ ಅಲ್ಲಿಂದ ಮುಂದೆ ಆರಾಮಾಗಿ ಹೋಗಬಹುದಿತ್ತು. ಆದರೂ ಅವರು ಪೈಪೋಟಿಗೆ ಇಳಿದರು. ಕೊನೇ ಏರಿನಲ್ಲಿ ಅವರನ್ನು ಹಿಂದೆ ಹಾಕಿ ಆ ದಿನದ ರೇಸ್ ಗೆದ್ದದ್ದು ವೌಟ್ ವಾನ್ ಆರ್ಟ್. ಪೊಗಾಚರ್‌ಗೆ ನಾಲ್ಕನೇ ಟೂರ್ ಗೆಲುವು.

ಜಗತ್ತಿನ ಅತಿ ನುರಿತ ಸವಾರರಿಗೇ ಒದ್ದೆ ರಸ್ತೆ ಅಂದರೆ ಬೇರೆ ನಿಯಮ. ಮಳೆ ಬಂದರೆ ಟೀಮ್ ಮೆಕ್ಯಾನಿಕ್‌ಗಳು ಟೈರ್ ಗಾಳಿ ಸ್ವಲ್ಪ ಇಳಿಸೋದು ರೂಢಿ. ಯಾಕೆ ಅಂತ ನಮ್ಮ ಹುಡುಗನ ಸೈಕಲ್ ಇಟ್ಟುಕೊಂಡೇ ನೋಡೋಣ.

ಅವನು 62 ಕಿಲೋ. ಸೈಕಲ್ 15. ಊಟದ ಬ್ಯಾಗ್ 8. ಒಟ್ಟು 85. ಇದರಲ್ಲಿ ಸುಮಾರು 60 ಪರ್ಸೆಂಟ್ ಭಾರ ಹಿಂದಿನ ಚಕ್ರದ ಮೇಲೆ, ಅಂದರೆ 51 ಕಿಲೋ. ಟೈರ್ ಗೋಡೆಯ ಬಿಗಿತವನ್ನು ಬದಿಗಿಟ್ಟರೆ, ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದಾಗ ಟೈರ್ ನೆಲಕ್ಕೆ ತಾಗುವ ಜಾಗ ಸಿಗುತ್ತೆ. 85 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರ್‌ಗೆ 6 ಕಿಲೋ. 51 ಭಾಗಿಸು 6, ಎಂಟೂವರೆ ಚದರ ಸೆಂಟಿಮೀಟರ್. 60 ಪಿಎಸ್‌ಐ ಅಂದರೆ 4.2 ಕಿಲೋ. ಆಗ 12 ಚದರ ಸೆಂಟಿಮೀಟರ್. ಒಂದು ಬೆಂಕಿಪೊಟ್ಟಣದ ಮುಖಕ್ಕಿಂತ ಚಿಕ್ಕ ಜಾಗದ ಮೇಲೆ ನಮ್ಮ ಜೀವ ನಿಂತಿರುತ್ತೆ. ನಾನು ಆ ಜಾಗವನ್ನೂ ಅವನಿಗೆ ಕಡಿಮೆ ಮಾಡಿಸಿದ್ದೆ.

ಜಾಗದ ಅಳತೆ ಒಂದೇ ಅಲ್ಲ. ಗಟ್ಟಿ ಟೈರ್ ಒರಟು ರಸ್ತೆಯಲ್ಲಿ ಪುಟಿಯುವಾಗ ಪ್ರತಿ ಸಲವೂ ಒಂದು ಕ್ಷಣ ನೆಲದ ಹಿಡಿತ ಸಡಿಲವಾಗುತ್ತೆ. ಆ ಕ್ಷಣದಲ್ಲೇ ನೀವು ತಿರುಗಿದರೆ ಅಥವಾ ಬ್ರೇಕ್ ಹಿಡಿದರೆ ಚಕ್ರ ಜಾರುತ್ತೆ.

ಹಾಗಾದರೆ ಗಾಳಿ ಎಷ್ಟಿರಬೇಕು?

ಟೈರ್‌ನ ಪಕ್ಕದ ಗೋಡೆ ನೋಡಿ. ಅಲ್ಲಿ 700×35ಸಿ ಅಂತಲೋ, 35-622 ಅಂತಲೋ ಇರುತ್ತೆ. 35 ಅಂದರೆ ಟೈರ್ ಅಗಲ, ಮಿಲಿಮೀಟರ್‌ನಲ್ಲಿ. 622 ಅಂದರೆ ಟೈರ್ ಕೂರುವ ರಿಮ್‌ನ ವ್ಯಾಸ. ಅಂಗಡಿಯಲ್ಲಿ ಟೈರ್ ಕೇಳುವಾಗ ಈ ಎರಡನೇ ಥರದ ನಂಬರ್ ಹೇಳಿದರೆ ಮೋಸ ಹೋಗಲ್ಲ. 29 ಇಂಚು ಅಂತ ಮಾರೋ ಎಂಟಿಬಿಗೂ 700ಸಿ ಹೈಬ್ರಿಡ್‌ಗೂ ರಿಮ್ ವ್ಯಾಸ ಒಂದೇ, 622. 27.5 ಇಂಚಿಗೆ 584. 26 ಇಂಚಿನ ಎಂಟಿಬಿಗೆ 559. ನಮ್ಮ ತಾತಂದಿರ 28 ಇಂಚಿನ ಕರೀ ಸೈಕಲ್‌ಗೆ 635.

ಈಗ ಗಾಳಿ. ಇದು 70 ಕಿಲೋ ಆಸುಪಾಸಿನವರಿಗೆ, ಟ್ಯೂಬ್ ಇರುವ ಟೈರ್‌ಗೆ, ಶುರು ಮಾಡೋಕೆ ಒಂದು ಅಂದಾಜು:

28 ಮಿಲಿಮೀಟರ್ ಟೈರ್: 65ರಿಂದ 75 ಪಿಎಸ್‌ಐ.
32 ಮಿಲಿಮೀಟರ್: 55ರಿಂದ 65.
35ರಿಂದ 38: 45ರಿಂದ 60.
ಎರಡು ಇಂಚು ದಾಟಿದ ಎಂಟಿಬಿ ಟೈರ್: 30ರಿಂದ 40.

ಹಿಂದಿನ ಚಕ್ರಕ್ಕೆ ಮುಂದಿನದಕ್ಕಿಂತ ಸ್ವಲ್ಪ ಜಾಸ್ತಿ. ನಿಮ್ಮ ತೂಕ ಜಾಸ್ತಿ ಇದ್ದರೆ, ಹಿಂದೆ ಲಗೇಜ್ ಇದ್ದರೆ ಏರಿಸಿ. ಮಳೆ ದಿನ ನಾಲ್ಕೈದು ಪಿಎಸ್‌ಐ ಇಳಿಸಿ. ಆದರೆ ಟೈರ್ ಮೇಲೆ ಬರೆದಿರುವ ಮಿನಿಮಮ್‌ಗಿಂತ ಕೆಳಗೂ ಬೇಡ, ಮ್ಯಾಕ್ಸಿಮಮ್‌ಗಿಂತ ಮೇಲೂ ಬೇಡ. ನಮ್ಮ ಹುಡುಗನ 35 ಮಿಲಿಮೀಟರ್ ಟೈರ್ ಮೇಲೆ 50ರಿಂದ 85 ಅಂತಿತ್ತು. ಬ್ಯಾಗ್ ಭಾರ ಸೇರಿಸಿ ಈಗ ಹಿಂದೆ 60, ಮುಂದೆ 50 ಇಡ್ತಾನೆ.

ದುಬಾರಿ ಸೈಕಲ್ ತಗೊಂಡವರಿಗೆ ಒಂದು ಎಚ್ಚರಿಕೆ. ಕೆಲವು ಹೊಸ ರಿಮ್‌ಗಳ ಒಳಅಂಚಿನಲ್ಲಿ ಟೈರ್ ಹಿಡಿದುಕೊಳ್ಳುವ ಕೊಕ್ಕೆ ಇರಲ್ಲ, ಇದಕ್ಕೆ ಹುಕ್‌ಲೆಸ್ ಅಂತಾರೆ. ಅಂಥ ರಿಮ್‌ಗೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರಿ ತುಂಬಿಸಲೇಬಾರದು. ಹೊಂದುವ ಟೈರ್ ಮಾತ್ರ ಹಾಕಬೇಕು. ಫೆಬ್ರವರಿ 2024ರ ಯುಎಇ ಟೂರ್‌ನಲ್ಲಿ ಥಾಮಸ್ ಡೆ ಗೆಂಡ್ಟ್ ಬಿದ್ದಾಗ ಅವರ ಟೈರ್ ಇಂಥ ರಿಮ್‌ನಿಂದ ಕಳಚಿಕೊಂಡಿತ್ತು. ಆಮೇಲೆ ಈ ರಿಮ್‌ಗಳ ಸುರಕ್ಷತೆ ಬಗ್ಗೆ ರೇಸ್ ಲೋಕದಲ್ಲಿ ದೊಡ್ಡ ಚರ್ಚೆಯೇ ನಡೀತು.

ತೂತು ಏನು ಹೇಳುತ್ತೆ?

ಈಗ ಮೂಲ ಪ್ರಶ್ನೆಗೆ ಬರೋಣ. ವಾರಕ್ಕೆ ಎರಡು ಪಂಚರ್ ಯಾಕೆ? ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ: "ತೂತು ಟ್ಯೂಬಿನ ಯಾವ ಕಡೆ ಇತ್ತು?"

ಅಕ್ಕಪಕ್ಕ ಎರಡು ಸೀಳು, ಹಾವು ಕಚ್ಚಿದ ಹಾಗೆ ಇದ್ದರೆ ಗಾಳಿ ಕಡಿಮೆ ಇತ್ತು ಅಂತ ಅರ್ಥ. ಗುಂಡಿಗೆ ಇಳಿದಾಗ ಟ್ಯೂಬ್ ರಿಮ್‌ಗೂ ರಸ್ತೆಗೂ ನಡುವೆ ಸಿಕ್ಕಿ ಕತ್ತರಿಸಿಹೋಗಿದೆ.

ಟ್ಯೂಬಿನ ಹೊರಮೈಯಲ್ಲಿ, ರಸ್ತೆ ಕಡೆ ಒಂದೇ ತೂತು ಇದ್ದರೆ ಮುಳ್ಳು, ಗಾಜು, ತಂತಿ ಚುಚ್ಚಿದೆ.

ಒಳಮೈಯಲ್ಲಿ, ರಿಮ್ ಕಡೆ ಇದ್ದರೆ ತಪ್ಪು ರಸ್ತೆಯದ್ದಲ್ಲ. ರಿಮ್ ಮೇಲಿನ ಪಟ್ಟಿ ಸರಿದಿದೆ, ಕಡ್ಡಿಯ ತುದಿ ಚುಚ್ಚುತ್ತಿದೆ. ಪಟ್ಟಿ ಬದಲಿಸೋವರೆಗೂ ಪಂಚರ್ ನಿಲ್ಲಲ್ಲ.

ವಾಲ್ವ್ ಬುಡದಲ್ಲಿ ಹರಿದಿದ್ದರೆ ಗಾಳಿ ಕಡಿಮೆ ಇದ್ದಾಗ ಟ್ಯೂಬ್ ಒಳಗೇ ಜಾರಿ ವಾಲ್ವನ್ನು ಎಳೆದಿದೆ, ಅಥವಾ ವಾಲ್ವ್ ಓರೆಯಾಗಿ ಕೂತಿದೆ.

ಅವನ ಹಳೇ ಟ್ಯೂಬಿನ ಫೋಟೋ ಕಳಿಸಿದ. ಮೊದಲಿನ ಪ್ಯಾಚುಗಳೆಲ್ಲ ಜೋಡಿ ಜೋಡಿ. ಹಾವಿನ ಕಡಿತ. ಅಂದರೆ ಅವನ ಟೈರ್‌ನಲ್ಲಿ ಗಾಳಿ ಕಡಿಮೆ ಇದ್ದದ್ದು ನಿಜ. ಮೂರು ವಾರಕ್ಕೊಮ್ಮೆ ಗಾಳಿ ಹೊಡೆಸ್ತಿದ್ದನಂತೆ. ಟ್ಯೂಬ್ ಎಷ್ಟೇ ಚೆನ್ನಾಗಿದ್ದರೂ ರಬ್ಬರ್ ಮೂಲಕ ಗಾಳಿ ನಿಧಾನಕ್ಕೆ ಹೊರಗೆ ಹೋಗ್ತಾನೇ ಇರುತ್ತೆ. ವಾರಕ್ಕೊಮ್ಮೆ ನೋಡಲೇಬೇಕು. ನನ್ನ ಸಲಹೆಯಿಂದ ಈ ಜೋಡಿ ಸೀಳು ನಿಂತಿತು, ಅರ್ಧ ಸರಿ ಅಂದದ್ದು ಅದಕ್ಕೆ. ಆದರೆ ಕಡಿಮೆ ಗಾಳಿಗೆ ಔಷಧಿ ಸರಿಯಾದ ಗಾಳಿ. ನಾನು ಕೊಟ್ಟಿದ್ದು ವಿಪರೀತ ಗಾಳಿ.

ಆಮೇಲಿನ ಮೂರು ಪ್ಯಾಚು ಹೊರಮೈಯಲ್ಲಿ, ಒಂದೇ ಜಾಗದ ಆಸುಪಾಸು. ಇದು ಬೇರೆ ಕಳ್ಳ. ಒಂದು ಭಾನುವಾರ ಅವನ ರೂಮಿಗೆ ಹೋದೆ. ಟೈರ್ ಬಿಚ್ಚಿ ಒಳಗೆ ಒಂದು ಹಳೇ ಬನಿಯನ್ ಬಟ್ಟೆ ಹಾಕಿ ಸುತ್ತಲೂ ಒರೆಸಿದೆವು. ಒಂದು ಕಡೆ ಬಟ್ಟೆ ಸಿಕ್ಕಿಕೊಳ್ತು. ಲಾರಿ ಟೈರ್ ಸಿಡಿದಾಗ ರಸ್ತೆ ಮೇಲೆ ಬೀಳುತ್ತಲ್ಲ, ಆ ಥರದ ಕೂದಲಿನಂಥ ತಂತಿ. ಕಣ್ಣಿಗೆ ಕಾಣಲ್ಲ, ಬರಿ ಬೆರಳಲ್ಲಿ ಹುಡುಕಿದರೆ ಬೆರಳಿಗೇ ಚುಚ್ಚುತ್ತೆ. ಅದಕ್ಕೇ ಬಟ್ಟೆ. ಪ್ಲೈಯರ್‌ನಲ್ಲಿ ಎಳೆದು ತೆಗೆದೆವು. ಪಂಚರ್ ಅಂಗಡಿಯಲ್ಲಿ ಪ್ರತಿ ಸಲವೂ ಟ್ಯೂಬಿಗೆ ಪ್ಯಾಚ್ ಹಾಕಿದ್ದರು, ಟೈರ್ ಒಳಗೆ ಯಾರೂ ನೋಡಿರಲಿಲ್ಲ. ಇನ್ಮೇಲೆ ನೀವು ಅಲ್ಲೇ ನಿಂತು "ಅಣ್ಣಾ, ಟೈರ್ ಒಳಗೂ ಒಂದ್ಸಲ ನೋಡಿ" ಅನ್ನಿ. ಎರಡು ನಿಮಿಷದ ಕೆಲಸ.

ಗಾಳಿ ಎಲ್ಲಿ ಹೊಡೆಸೋದು?

ವಾಲ್ವ್ ಮೂರು ಥರ. ಸ್ಕೂಟರ್, ಬೈಕ್‌ನಲ್ಲಿ ಇರುವಂಥ ದಪ್ಪನೆಯದು ಶ್ರೇಡರ್. ತೆಳ್ಳಗೆ, ಉದ್ದಕ್ಕೆ, ತುದಿಯ ಪುಟ್ಟ ತಿರುಪನ್ನು ಬಿಚ್ಚಿ ಗಾಳಿ ತುಂಬುವಂಥದ್ದು ಪ್ರೆಸ್ಟಾ. ಕರೀ ಸೈಕಲ್‌ನಲ್ಲಿರೋದು ಡನ್‌ಲಪ್ ಅಥವಾ ವುಡ್ಸ್. ಪ್ರೆಸ್ಟಾ ಇದ್ದರೆ ಒಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ಕೀ ಗೊಂಚಲಲ್ಲಿ ಇಟ್ಟುಕೊಳ್ಳಿ.

ಪೆಟ್ರೋಲ್ ಬಂಕ್‌ನ ಗಾಳಿ ಶ್ರೇಡರ್‌ಗೆ ಆಗುತ್ತೆ, ಆದರೆ ಹುಷಾರು. ಆ ಮಷಿನ್ ಇರೋದು ಕಾರು, ಬೈಕ್ ಟೈರ್‌ಗಳಿಗೆ. ಸೈಕಲ್ ಟೈರ್ ಒಳಗಿನ ಜಾಗ ಬಹಳ ಕಡಿಮೆ, ಒಂದೆರಡು ಸೆಕೆಂಡಲ್ಲಿ ಮಿತಿ ದಾಟಬಹುದು. ಬೆರಳಲ್ಲಿ ಒತ್ತಿ ನೋಡೋದನ್ನೂ ನಂಬಬೇಡಿ. 60ಕ್ಕೂ 85ಕ್ಕೂ ಹೆಬ್ಬೆರಳಿಗೆ ವ್ಯತ್ಯಾಸ ಸರಿಯಾಗಿ ಗೊತ್ತಾಗಲ್ಲ.

ಮೀಟರ್ ಇರುವ, ಕಾಲಲ್ಲಿ ಒತ್ತಿ ಹಿಡಿದು ಹೊಡೆಯುವ ಪಂಪು ತಗೊಳ್ಳಿ. ಅವನು ತಗೊಂಡಿದ್ದಕ್ಕೆ 1,200 ರೂಪಾಯಿ. ಪಂಚರ್‌ನಿಂದ ವಾರಕ್ಕೆ 520 ರೂಪಾಯಿ ನಷ್ಟ ಆಗ್ತಿತ್ತಲ್ಲ, ಎರಡೂವರೆ ವಾರದೊಳಗೆ ಹಾಕಿದ ದುಡ್ಡು ವಾಪಸ್. ರೂಮಿನ ಇನ್ನಿಬ್ಬರೂ ಸೈಕಲ್‌ನವರೇ, ಅವರೂ ಪಾಲು ಹಾಕಿದ್ದರಿಂದ ಅವನ ಕೈಯಿಂದ ಹೋಗಿದ್ದು 400 ಮಾತ್ರ. ಹಿಂದಿನ ಟೈರ್ ಪೂರ್ತಿ ಸವೆದಿತ್ತು, ಅದನ್ನ ಮುಂದೆ ಹಾಕಬೇಡ ಅಂತ ಹೇಳಿ ಬದಲಿಸಿದ್ದಾಯ್ತು. ಮುಂದಿನ ಚಕ್ರ ಜಾರಿದರೆ ಬೀಳೋದು ಹೆಚ್ಚುಕಮ್ಮಿ ಖಚಿತ, ಹಾಗಾಗಿ ಒಳ್ಳೆಯ ಟೈರ್ ಯಾವತ್ತೂ ಮುಂದೆ ಇರಲಿ.

ಇದೆಲ್ಲ ಆಗಿ ಆರು ವಾರ. ಈ ಆರು ವಾರದಲ್ಲಿ ಅವನಿಗೆ ಒಂದೇ ಪಂಚರ್, ಅದೂ ಗಾಜಿನ ಚೂರಿನಿಂದ. ಮಣಿಕಟ್ಟು ಸರಿಹೋಗಿದೆ. ಆದರೆ ಆ ನಾಲ್ಕು ದಿನದ ಕೂಲಿ ಅವನಿಗೆ ಯಾರೂ ಕೊಡಲಿಲ್ಲ. ನಾನು ಕೊಡೋಕೆ ಹೋದೆ, ತಗೊಳ್ಳಲಿಲ್ಲ. "ಅದೆಲ್ಲ ಬ್ಯಾಡ ಅಣ್ಣಾ, ನನ್ನಂಥಾವ್ರು ಇನ್ನೂ ಮಂದಿ ಅದಾರ, ಅವರಿಗೆ ಸರಿಯಾಗಿ ಹೇಳ್ರಿ ಸಾಕು" ಅಂದ. ಹಳೇ ಎಪಿಸೋಡಿನ ಆ ಭಾಗವನ್ನು ತೆಗೆದುಹಾಕಿದ್ದೀನಿ. ಅದನ್ನ ಕೇಳಿ ಟೈರ್ ಕಲ್ಲು ಮಾಡಿಕೊಂಡವರು ಇದ್ದರೆ, ಇವತ್ತೇ ಸ್ವಲ್ಪ ಗಾಳಿ ಬಿಡಿ. ನಿಮಗೂ ಒಂದು ಸಾರಿ.

ಈ ವಾರ ಇಷ್ಟು ಮಾಡಿ: ಟೈರ್ ಗೋಡೆ ಮೇಲಿನ ನಂಬರ್‌ನ ಫೋಟೋ ಫೋನ್‌ನಲ್ಲಿ ಇಟ್ಟುಕೊಳ್ಳಿ, ಭಾನುವಾರ ಬೆಳಗ್ಗೆ ಗಾಳಿ ನೋಡಿ, ಪಂಚರ್ ಆದರೆ ತೂತು ಯಾವ ಕಡೆ ಅಂತ ಗಮನಿಸಿ. ಮುಂದಿನ ಎಪಿಸೋಡ್‌ನಲ್ಲಿ ಮಳೆಗಾಲದ ಬ್ರೇಕ್ ಬಗ್ಗೆ ಮಾತಾಡೋಣ. ಈ ಸಲ ಮೊದಲು ಮೆಕ್ಯಾನಿಕ್‌ನ ಕೇಳಿ, ಆಮೇಲೆ ಮೈಕ್ ಮುಂದೆ ಕೂರ್ತೀನಿ. ಹುಷಾರಾಗಿ ಓಡಿಸಿ.